ಹಾಲು ಬೇಡ ಅನ್ನುವ ಮಗಳು, ಜಾರಿ ಬಿದ್ದ ಅಮ್ಮ

ಪ್ರಶ್ನೆ: ನನಗೆ 51. ಮುಟ್ಟು ನಿಂತು ಎರಡು ವರ್ಷ ಆಯ್ತು. ಇಡೀ ದಿನ ಕೂತು ಬೀಡಿ ಕಟ್ಟುತ್ತೇನೆ. ಕಳೆದ ಮಳೆಗಾಲದಲ್ಲಿ ಅಮ್ಮ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ನನಗೂ ಹೀಗೇ ಆಗುತ್ತಾ? 13ರ ಮಗಳಂತೂ ಹಾಲು ಮುಟ್ಟುವುದೇ ಇಲ್ಲ.
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಅಕ್ಕಾ, ಮೊದಲು ಮಗಳ ವಿಷಯ. ಮೂಳೆ ಬಲಿಯುವ ವಯಸ್ಸು ಅದೇ ಅಲ್ವಾ? 30ರ ಆಸುಪಾಸಿಗೆ ಅದು ಎಷ್ಟು ಗಟ್ಟಿಯಾಗಬೇಕೋ ಅಷ್ಟಾಗಿರುತ್ತದೆ, ಆಮೇಲೆ ಇರುವುದನ್ನು ಉಳಿಸಿಕೊಳ್ಳುವುದೇ ಕೆಲಸ. ಹಾಲು ಬೇಡವಾ, ಬಿಡಿ. ಮಜ್ಜಿಗೆ, ರಾಗಿ ಮಣ್ಣಿ, ನುಗ್ಗೆಸೊಪ್ಪಿನ ಪಲ್ಯ ಕೊಡಿ. 100 ಗ್ರಾಂ ರಾಗಿಯಲ್ಲೇ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮೀನು ತಿನ್ನುವವರಾದರೆ ಸಣ್ಣ ಬೂತಾಯಿಯನ್ನು ಮುಳ್ಳು ಮೆತ್ತಗಾಗುವಷ್ಟು ಬೇಯಿಸಿ, ಮುಳ್ಳು ಸಮೇತ ತಿನ್ನಲಿ. ಓಡಲಿ, ಹಗ್ಗ ಜಿಗಿಯಲಿ.

ನಿಮ್ಮದು ಬೇರೆ ಕಥೆ. ಮುಟ್ಟು ನಿಂತ ಮೊದಲ ಕೆಲವು ವರ್ಷ ಈಸ್ಟ್ರೋಜನ್ ಅನ್ನುವ ಹಾರ್ಮೋನು ಇಳಿದು ಮೂಳೆ ಬೇಗ ಬೇಗ ಸವೆಯುತ್ತದೆ. ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಹಾಗಂತ ಸುಮ್ನೆ ಮೆಡಿಕಲ್‌ನಿಂದ ಮಾತ್ರೆ ತಂದು ನುಂಗಬೇಡಿ. ಅಮ್ಮನ ಸೊಂಟ ಮುರಿದದ್ದನ್ನು ಡಾಕ್ಟರಿಗೆ ಹೇಳಿ, ಮೂಳೆ ಎಷ್ಟು ಗಟ್ಟಿ ಇದೆ ಎಂದು ನೋಡುವ ಡೆಕ್ಸಾ ಸ್ಕ್ಯಾನ್ ಮಾಡಿಸಬೇಕಾ ಕೇಳಿ. ಬೀಡಿಯ ಸೂಪು (ಮೊರ) ಮಡಿಲಲ್ಲಿಟ್ಟು ಒಳಗೇ ಕೂತರೆ ಬಿಸಿಲೂ ಇಲ್ಲ, ನಡಿಗೆಯೂ ಇಲ್ಲ. ನಡುವೆ ಎದ್ದು ತೋಟದ ಕಡೆ ಒಂದು ಸುತ್ತು ಹೋಗಿ ಬನ್ನಿ.

ಅಮ್ಮನಿಗೆ? ಅಂಗಳದ ಪಾಚಿ ಕೆರೆದು, ಅವರು ನಡೆಯುವಲ್ಲಿ ತೆಂಗಿನ ಮಡಲು ಹಾಸಿ. ಬಚ್ಚಲಿನ ಗೋಡೆಗೆ ಒಂದು ಹಿಡಿಕೆ ಹಾಕಿಸಿ, ರಾತ್ರಿ ಅಲ್ಲೊಂದು ಬಲ್ಬ್ ಉರಿಯುತ್ತಿರಲಿ.