ಸುಳ್ಯದ ನಮ್ಮ ಅಡಿಕೆ ತೋಟದಲ್ಲಿ ಐದು ಜೇನುಪೆಟ್ಟಿಗೆ ಇಡಲು ಪರವಾನಗಿ ಬೇಕೇ? ವರ್ಷಕ್ಕೆ ಎಷ್ಟು ತುಪ್ಪ ಸಿಗುತ್ತದೆ?

ನಾನೂ ಸುಳ್ಯದ ಕಡೆಯವನೇ. ಹದಿನಾಲ್ಕು ವರ್ಷದಿಂದ ತುಡುವೆ, ಅಂದರೆ ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನುನೊಣ, ಸಾಕುತ್ತಿದ್ದೇನೆ. ನಿಜ ಹೇಳಬೇಕೆಂದರೆ, ನೀವು ಮೊದಲು ಕೇಳಬೇಕಾಗಿದ್ದದ್ದು ಮಳೆಗಾಲದ ಬಗ್ಗೆ.

ಪರವಾನಗಿಯ ವಿಷಯ ಬೇಗ ಮುಗಿಯುತ್ತದೆ. ಸ್ವಂತ ತೋಟದಲ್ಲಿ ತುಡುವೆ ಸಾಕಲು ಯಾರ ಅಪ್ಪಣೆಯೂ ಬೇಡ. ರಾಷ್ಟ್ರೀಯ ಜೇನು ಮಂಡಳಿಯ ಮಧುಕ್ರಾಂತಿ ಪೋರ್ಟಲ್ 2021ರಿಂದ ಇದೆ, ಹೆಸರು ನೋಂದಾಯಿಸಿಕೊಂಡಿರಿ. ಸಹಾಯಧನಕ್ಕೆ ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ಬಾಟಲಿಗೆ ಲೇಬಲ್ ಹಚ್ಚಿ ಅಂಗಡಿಗೆ ಕೊಡುವುದಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕು. ಕಾಡಿನ ಹೆಜ್ಜೇನಿಗೆ ಮಾತ್ರ ಕೈ ಹಾಕಬೇಡಿ. ಅಲ್ಲಿನ ಜೇನು, ಮೇಣ ಎರಡೂ ಕಾನೂನಿನ ಪ್ರಕಾರ ಅರಣ್ಯ ಉತ್ಪನ್ನ.

ಇನ್ನು ಮಳೆಗಾಲ. ಮೊದಲ ವರ್ಷ ಮೇ ಕೊನೆಯಲ್ಲಿ ಆಸೆಗೆ ಬಿದ್ದು, ಮೇಲಿನ ಜೇನುಕೋಣೆಯ ಜೊತೆಗೆ ಕೆಳಗೆ ಮರಿ ಬೆಳೆಯುವ ಸಂಸಾರ ಕೋಣೆಯ ಎರಿಯಿಂದಲೂ (ಮೇಣದ ಹಲ್ಲೆಯಿಂದಲೂ) ತುಪ್ಪ ತೆಗೆದೆ. ಜುಲೈಯಲ್ಲಿ ಮಳೆ ಬಿಟ್ಟ ಒಂದು ಮಧ್ಯಾಹ್ನ ಮುಚ್ಚಳ ಎತ್ತಿದರೆ ಒಳಗೆ ಬೊಗಸೆಯಷ್ಟೂ ನೊಣ ಇರಲಿಲ್ಲ. ಎರಿಯ ತುಂಬ ಮೇಣದ ಹುಳುವಿನ ಬಲೆ, ಅಡಿಹಲಗೆಯ ಮೇಲೆ ಕಪ್ಪು ಹಿಕ್ಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ನೊಣಕ್ಕೆ ಹೊರಗೆ ಹೋಗಲೂ ಬಿಡುವಿಲ್ಲ, ಹೋದರೂ ಹೂವಿಲ್ಲ. ಈಗ ಕೆಳಗಿನ ಕೋಣೆಯನ್ನು ಮುಟ್ಟುವುದಿಲ್ಲ. ವಾರಕ್ಕೊಮ್ಮೆ ಸಂಜೆ, ಸಮಪಾಲು ನೀರು ಬೆರೆಸಿದ ಸಕ್ಕರೆ ಪಾಕ ಇಡುತ್ತೇನೆ. ಹಗಲಲ್ಲಿ ಇಟ್ಟರೆ, ಅಥವಾ ಒಂದು ತೊಟ್ಟು ಹೊರಗೆ ಚೆಲ್ಲಿದರೆ, ಪಕ್ಕದ ಪೆಟ್ಟಿಗೆಯ ನೊಣಗಳು ದರೋಡೆಗೆ ಬರುತ್ತವೆ. ನೊಣ ಕಡಿಮೆಯಾದಾಗ ಖಾಲಿ ಎರಿಗಳನ್ನು ತೆಗೆದುಬಿಡಿ, ಹುಳು ಹತ್ತುವುದೇ ಅಲ್ಲಿ. ಸ್ಟ್ಯಾಂಡಿನ ಕಾಲಿಗೆ ಇರುವೆ ಹತ್ತದಂತೆ ನೀರಿನ ಬಟ್ಟಲು ಇರಲಿ.

ಇಷ್ಟು ಮಾಡಿದ ಮೇಲೆ ನನಗೆ ಒಳ್ಳೆಯ ವರ್ಷದಲ್ಲಿ ಪೆಟ್ಟಿಗೆಗೆ ಆರೇಳು ಕಿಲೋ ಸಿಗುತ್ತದೆ, ಕೆಟ್ಟ ವರ್ಷದಲ್ಲಿ ಎರಡು. ಯೂಟ್ಯೂಬಿನಲ್ಲಿ ಮೂವತ್ತು ಕಿಲೋ ಎನ್ನುವವರು ಮೆಲ್ಲಿಫೆರಾ ಎಂಬ ಯುರೋಪಿನ ಜೇನುನೊಣ ಸಾಕುವವರು, ಆ ಲೆಕ್ಕ ನಮಗಲ್ಲ. ನೊಣ ಮೇಣದಿಂದ ಮುಚ್ಚಿದ ಎರಿಯನ್ನು ಮಾತ್ರ ಹಿಂಡಿ. ತುಪ್ಪದಲ್ಲಿ ನೀರಿನಂಶ ಶೇ 20 ಮೀರಬಾರದೆಂಬುದು ನಿಯಮ. ಮೀರಿದ ತುಪ್ಪ ಹುಳಿಯುತ್ತದೆ. ನನ್ನ ಒಂದು ಬಾಟಲಿಯ ಮುಚ್ಚಳ ನೆಂಟರ ಮನೆಯಲ್ಲಿ ಹಾರಿದ್ದು ಇನ್ನೂ ಅವರ ನಗೆಯ ವಸ್ತು. ಹತ್ತಿರ ರಬ್ಬರ್ ತೋಟವಿದ್ದರೆ ತುಪ್ಪ ಬೇಗ ಹರಳುಗಟ್ಟುತ್ತದೆ. ಗಿರಾಕಿಗಳು ಸಕ್ಕರೆ ಎಂದು ದೂರುತ್ತಾರೆ, ಕೊಡುವಾಗಲೇ ಹೇಳಿಬಿಡಿ.

ಐದು ಬೇಡ, ಎರಡೇ ಕುಟುಂಬ ತನ್ನಿ, ಅದೂ ಮಳೆ ಕಳೆದ ಮೇಲೆ, ಹತ್ತಿರದ ಊರಿನಿಂದ. 1991ರ ನಂತರ ಥಾಯ್ ಸ್ಯಾಕ್‌ಬ್ರೂಡ್ ಎಂಬ, ಮರಿಗಳನ್ನು ಕೊಲ್ಲುವ ವೈರಸ್ ರೋಗ ದಕ್ಷಿಣದ ತುಡುವೆಗಳನ್ನು ಹೆಚ್ಚುಕಡಿಮೆ ಗುಡಿಸಿಹಾಕಿತು. ಅದಕ್ಕೆ ಇಂದಿಗೂ ಔಷಧವಿಲ್ಲ. ಕೊಳ್ಳುವ ಮುನ್ನ ಮರಿಗಳಿರುವ ಎರಿ ಎತ್ತಿಸಿ ನೋಡಿ. ಮರಿ ಮುತ್ತಿನಂತೆ ಬೆಳ್ಳಗೆ ಸುರುಳಿ ಸುತ್ತಿಕೊಂಡಿರಬೇಕು. ನೀರು ತುಂಬಿದ ಚೀಲದಂತೆ ನೆಟ್ಟಗೆ ಸತ್ತು ಮಲಗಿದ್ದರೆ, ಪುಕ್ಕಟೆ ಕೊಟ್ಟರೂ ತರಬೇಡಿ.