ನಸುಗುನ್ನಿ ಕೆಲಸ ಮಾಡುತ್ತದೆ, ಅದಕ್ಕೇ ಹುಷಾರು

ಓದುಗರ ಪತ್ರ: ಅಪ್ಪನಿಗೆ ಪಾರ್ಕಿನ್ಸನ್ ಕಾಯಿಲೆ. ಮೂರು ವರ್ಷದಿಂದ ಲೆವೊಡೋಪಾ ಮಾತ್ರೆ ನಡೆಯುತ್ತಿದೆ. ಅದನ್ನು ಬಿಟ್ಟು ನಸುಗುನ್ನಿ ಬೀಜದ ಪುಡಿ ಕೊಡಿ, ಗಿಡಮೂಲಿಕೆಯಿಂದ ತೊಂದರೆ ಇಲ್ಲ ಅಂತ ಪರಿಚಯದವರು ಹೇಳುತ್ತಾರೆ. ಕೊಡಬಹುದಾ?

ಸಂಪಾದಕರ ಉತ್ತರ: ಪತ್ರದ ಕೊನೆಗೆ ನಿಮ್ಮ ತಂದೆಯವರೇ ಎರಡು ಸಾಲು ಬರೆದಿದ್ದಾರೆ. ಮೊದಲ ಪದ ದಪ್ಪಗಿದೆ. ಹೋಗ್ತಾ ಹೋಗ್ತಾ ಅಕ್ಷರ ಸಾಸಿವೆ ಕಾಳಿನಷ್ಟಾಗಿದೆ. ಬರಹ ಹೀಗೆ ಕುಗ್ಗುವುದೂ ಈ ಕಾಯಿಲೆಯ ಲಕ್ಷಣವೇ. ಆ ಎರಡು ಸಾಲಿಗೆ ಅವರು ಎಷ್ಟು ಕಷ್ಟಪಟ್ಟಿರಬೇಕು!

ಮಾತ್ರೆ ಮಾತ್ರ ನಿಲ್ಲಿಸಬೇಡಿ. ಥಟ್ಟನೆ ಬಿಟ್ಟರೆ ಮೈ ಮರದಂತೆ ಬಿಗಿದು, ಜ್ವರ ಏರಿ, ಜೀವಕ್ಕೇ ಅಪಾಯವಾಗಬಹುದು.

ನಸುಗುನ್ನಿ ಸುಳ್ಳು ಔಷಧಿ ಅಂತ ನಾನು ಹೇಳುತ್ತಿಲ್ಲ. ಅದರ ಬೀಜದಲ್ಲಿ ಲೆವೊಡೋಪಾ ಇರುವುದು 1937ರಲ್ಲೇ ಗೊತ್ತಾಗಿತ್ತು. ಅಪ್ಪ ನುಂಗುವ ಮಾತ್ರೆಯಲ್ಲಿರುವುದೂ ಅದೇ ಅಲ್ವಾ? ಮಿದುಳಿನಲ್ಲಿ ಡೋಪಮೈನ್ ಅನ್ನುವ ರಾಸಾಯನಿಕ ಕಡಿಮೆಯಾಗುವುದರಿಂದ ಕೈ ನಡುಗುತ್ತದೆ, ನಡಿಗೆ ನಿಧಾನವಾಗುತ್ತದೆ. ಡೋಪಮೈನನ್ನೇ ಕೊಟ್ಟರೆ ಅದು ರಕ್ತದಿಂದ ಮಿದುಳಿನೊಳಕ್ಕೆ ಹೋಗುವುದಿಲ್ಲ. ಲೆವೊಡೋಪಾ ಹೋಗುತ್ತದೆ, ಅಲ್ಲಿ ಡೋಪಮೈನ್ ಆಗುತ್ತದೆ. ಅದು ದಾರಿಯಲ್ಲೇ ಪೋಲಾಗದಿರಲಿ ಅಂತ ಮಾತ್ರೆಯಲ್ಲಿ ಸಾಮಾನ್ಯವಾಗಿ ಕಾರ್ಬಿಡೋಪಾದಂಥ ಇನ್ನೊಂದು ಔಷಧಿ ಸೇರಿಸಿರುತ್ತಾರೆ. ಬರೀ ಪುಡಿಯಲ್ಲಿ ಆ ಕಾವಲು ಇಲ್ಲ. ಹಾಗಾಗಿ ಜಾಸ್ತಿ ಬೇಕಾಗುತ್ತದೆ, ವಾಕರಿಕೆಯೂ ಬರಬಹುದು.

2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 30 ಗ್ರಾಂ ಪುಡಿ ಮಾತ್ರೆಗಿಂತ ಬೇಗ ಕೆಲಸ ಶುರು ಮಾಡಿತು, ಹೆಚ್ಚು ಹೊತ್ತೂ ನಿಂತಿತು. ಓದಿ ನನಗೂ ಆಸೆ ಹುಟ್ಟಿತ್ತು. ಆದರೆ ಅದರಲ್ಲಿದ್ದವರು 8 ಜನ ರೋಗಿಗಳು ಮಾತ್ರ. ಅಂಗಡಿಯಲ್ಲಿ ಸಿಗುವ ಪುಡಿಯಲ್ಲಂತೂ ಒಂದು ಡಬ್ಬಿಯಲ್ಲಿದ್ದಷ್ಟು ಲೆವೊಡೋಪಾ ಇನ್ನೊಂದರಲ್ಲಿ ಇರುತ್ತದೆ ಅನ್ನುವ ಹಾಗಿಲ್ಲ. ಮಾತ್ರೆಯ ಮೇಲೆ ಪುಡಿಯನ್ನೂ ಕೊಟ್ಟರೆ ಪ್ರಮಾಣ ಮೀರಿ ಕೈಕಾಲು ತಾವಾಗಿಯೇ ತಿರುಚಿಕೊಳ್ಳಬಹುದು, ಬಿಪಿ ಇಳಿಯಬಹುದು, ಇಲ್ಲದ್ದು ಕಣ್ಣಿಗೆ ಕಾಣಬಹುದು.

ಗಿಡಮೂಲಿಕೆಯಿಂದ ತೊಂದರೆ ಇಲ್ಲ ಅನ್ನುವವರಿಗೆ ಸರ್ಪಗಂಧದ ಕತೆ ಹೇಳಿ. ಅದರ ಬೇರಿನಿಂದ ತೆಗೆದ ರಿಸರ್ಪಿನ್ ಡೋಪಮೈನನ್ನು ಬರಿದು ಮಾಡುತ್ತದೆ. 1950ರ ದಶಕದಲ್ಲಿ ಸ್ವೀಡನ್ನಿನ ವಿಜ್ಞಾನಿ ಅರ್ವಿಡ್ ಕಾರ್ಲ್‌ಸನ್ ಅದನ್ನು ಮೊಲಗಳಿಗೆ ಕೊಟ್ಟಾಗ ಅವು ಕದಲದೆ ಬಿದ್ದುಕೊಂಡವು. ಲೆವೊಡೋಪಾ ಕೊಟ್ಟ ಮೇಲೆ ಎದ್ದು ಓಡಾಡಿದವು. ನಡಿಗೆ ಕಸಿದದ್ದು ಒಂದು ಗಿಡದ ಸತ್ವ. ಮರಳಿ ಕೊಟ್ಟದ್ದು ನಸುಗುನ್ನಿಯಲ್ಲೂ ಇರುವ ವಸ್ತು.

ಪುಡಿ ಆಗಲೇ ಶುರು ಮಾಡಿದ್ದರೆ ಮುಚ್ಚಿಡಬೇಡಿ, ಡಬ್ಬಿ ಸಮೇತ ನರರೋಗ ತಜ್ಞರಿಗೆ ತೋರಿಸಿ. ಊಟದಲ್ಲಿನ ಪ್ರೋಟೀನ್ ಲೆವೊಡೋಪಾಕ್ಕೆ ಅಡ್ಡ ಬರುವುದುಂಟು, ಮಾತ್ರೆಯ ಹೊತ್ತನ್ನೂ ಅವರ ಹತ್ತಿರವೇ ಕೇಳಿಕೊಳ್ಳಿ.

ಅಪ್ಪನಿಗೆ ಗೆರೆ ಎಳೆದ ಹಾಳೆ ಕೊಡಿ. ಗೆರೆ ಕಣ್ಣೆದುರಿಗಿದ್ದರೆ ಅಕ್ಷರ ದೊಡ್ಡದಾಗಿ ಬರೆಯಲು ಎಷ್ಟೋ ಜನರಿಗೆ ಅನುಕೂಲವಾಗುತ್ತದೆ. ಮುಂದಿನ ಪತ್ರದಲ್ಲೂ ಅವರ ಎರಡು ಸಾಲು ಇರಲಿ.