ನಿಮ್ಮ ವ್ಯಾಂಪೈರ್ ಸೆಲ್ಫಿಗೆ ಸಿಕ್ಕಿದ್ದು ಹೇಗೆ?

ನಮಸ್ಕಾರ.

ನಿಮ್ಮ ವ್ಯಾಂಪೈರ್ ಪ್ರೇಮಕಥಾ ಸರಣಿಯ ಮೊದಲ ಭಾಗವನ್ನು ಪೂರ್ತಿ ಓದಿದೆ. ಮೊದಲೇ ಹೇಳಿಬಿಡುತ್ತೇನೆ, ಈಗಿರುವ ಹಾಗೆ ಇದನ್ನು ನಾವು ಪ್ರಕಟಿಸುವುದಿಲ್ಲ. ಹಾಗಂತ ಎರಡು ಸಾಲಿನ ವಿಷಾದಪತ್ರ ಕಳಿಸಿ ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ. ಅದಕ್ಕೆ ಕಾರಣ ನಿಮ್ಮ ನಾಲ್ಕನೇ ಅಧ್ಯಾಯ.

ಬೆಂಗಳೂರಿನ ಸಾನ್ವಿಗೆ 17 ವರ್ಷ. ಅಪ್ಪನ ಸಾಫ್ಟ್‌ವೇರ್ ಕೆಲಸದಿಂದಾಗಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಂದು ಮಳೆಯೂರಿಗೆ ಬರುತ್ತಾಳೆ. ಸಂಜೆ ಲೈಬ್ರರಿಯಲ್ಲಿ ಏಡ್ರಿಯನ್ ಸಿಗುತ್ತಾನೆ. ಬಿಸಿಲು ತಾಗಿದರೆ ಸುಡುತ್ತಾನೆ, ರಕ್ತ ಕುಡಿಯುತ್ತಾನೆ, ಚೆಲುವ. ಇಷ್ಟರವರೆಗೆ ನೂರು ಪುಸ್ತಕಗಳಲ್ಲಿ ಇರುವುದೇ. ಆಮೇಲೆ ಆ ಅಧ್ಯಾಯ ಬರುತ್ತದೆ. ಅಲ್ಲಿ ಸಂಜೆ ಆರು, ಶಿವಮೊಗ್ಗದಲ್ಲಿ ಮರುದಿನ ಬೆಳಗ್ಗೆ ಏಳೂವರೆ. ಅಜ್ಜಿಯ ವಿಡಿಯೊ ಕಾಲ್. ಸಾನ್ವಿ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು ಮಾತಾಡುತ್ತಿದ್ದಾಳೆ. ಪಕ್ಕದ ಕುರ್ಚಿಯಲ್ಲಿ ಏಡ್ರಿಯನ್. ಅವನ ಕಡೆ ತಿರುಗಿ ಏನೋ ಹೇಳಿ ನಗುತ್ತಾಳೆ. ಅಜ್ಜಿ ಕನ್ನಡಕ ಸರಿಮಾಡಿಕೊಂಡು, "ಯಾರ ಹತ್ರ ಮಾತಾಡ್ತಿದ್ದೀಯೇ, ಖಾಲಿ ಕುರ್ಚಿ ಹತ್ರನಾ?" ಅನ್ನುತ್ತಾರೆ.

ಹೆದರಿಸಲು ಒಂದೇ ಒಂದು ವಿಶೇಷಣ ಖರ್ಚು ಮಾಡಿಲ್ಲ ನೀವು. ಆದರೂ ಮೈ ಜುಂ ಅಂದಿತು. 1897ರ ‘ಡ್ರಾಕುಲಾ’ ಕಾದಂಬರಿಯಲ್ಲಿ ಅತಿಥಿಯಾಗಿ ಬಂದ ಜೊನಾಥನ್ ಹಾರ್ಕರ್ ಗಡ್ಡ ಹೆರೆಯುವಾಗ ವ್ಯಾಂಪೈರ್ ಕೌಂಟ್ ಡ್ರಾಕುಲಾ ಬೆನ್ನ ಹಿಂದೆಯೇ ಬಂದು ನಿಲ್ಲುತ್ತಾನೆ, ಕನ್ನಡಿಯಲ್ಲಿ ಮಾತ್ರ ಕಾಣುವುದಿಲ್ಲ. ಆ ಹಳೇ ಕಟ್ಟಳೆಯನ್ನು ನೀವು ಅಜ್ಜಿಯ ಫೋನಿಗೆ ತಂದಿರಿ. ಅದೂ ಪಾಠ ಒಪ್ಪಿಸಿದ ಹಾಗಲ್ಲ, ಸುಮ್ನೆ ಮನೆಮಾತಿನಲ್ಲಿ.

ಏಳನೇ ಅಧ್ಯಾಯದಲ್ಲಿ ಇಬ್ಬರೂ ಸೆಲ್ಫಿ ತೆಗೆದು ಇನ್‌ಸ್ಟಾಗ್ರಾಮ್‌ಗೆ ಹಾಕುತ್ತಾರೆ. ಫೋಟೊದಲ್ಲಿ ಅವನ ಗುಳಿಕೆನ್ನೆ ಕೂಡ ಕಾಣುತ್ತದೆ. ಅಜ್ಜಿ ಅದಕ್ಕೆ ಹಾರ್ಟ್ ಒತ್ತಿದ್ದಾರೆ!

ನನ್ನ ತಕರಾರು ಇರುವುದೆಲ್ಲ ಇಲ್ಲೇ. ನಿಮ್ಮ ವ್ಯಾಂಪೈರ್‌ಗೆ ಕಟ್ಟಳೆಗಳಿವೆ, ಆದರೆ ನಿಮಗೆ ತೊಂದರೆಯಾದ ಕೂಡಲೇ ಅವನ್ನು ಸಡಿಲ ಬಿಡುತ್ತೀರಿ. ಮೂರನೇ ಅಧ್ಯಾಯದಲ್ಲಿ ಕಿಟಕಿಯ ಬಿಸಿಲಿಗೆ ಅವನ ಬೆರಳು ಸುಟ್ಟಿತು. ಒಂಬತ್ತರಲ್ಲಿ ನಡುಮಧ್ಯಾಹ್ನ ಫುಟ್‌ಬಾಲ್ ಮೈದಾನದಲ್ಲಿ ಅವಳಿಗಾಗಿ ಬಂದು ನಿಂತಿದ್ದಾನೆ. ‘ಪ್ರೇಮ ಅವನನ್ನು ಕಾಪಾಡಿತು’ ಅಂತ ಬರೆದಿದ್ದೀರಿ. ಕಾಪಾಡಿದ್ದು ಲೇಖಕಿ, ಅದು ಓದುಗರಿಗೆ ಗೊತ್ತಾಗುತ್ತದೆ.

ಬಿಸಿಲಿಗೆ ಅವನು ಸುಡಲೇಬೇಕು ಅಂತೇನೂ ಇಲ್ಲ. ಡ್ರಾಕುಲಾ ಹಗಲಲ್ಲೇ ಲಂಡನ್ ಬೀದಿಯಲ್ಲಿ ಓಡಾಡುತ್ತಾನೆ, ಶಕ್ತಿ ಮಾತ್ರ ಕುಂದಿರುತ್ತದೆ. ಬಿಸಿಲು ಬಿದ್ದರೆ ವ್ಯಾಂಪೈರ್ ನಾಶವಾಗುವುದನ್ನು ಜನಕ್ಕೆ ತೋರಿಸಿಕೊಟ್ಟಿದ್ದು 1922ರ ಜರ್ಮನ್ ಮೂಕಿ ಚಿತ್ರ ‘ನೊಸ್ಫೆರಾತು’. 2005ರಲ್ಲಿ ಬಂದ ‘ಟ್ವೈಲೈಟ್’ನಲ್ಲಿ ಸ್ಟೆಫನಿ ಮೇಯರ್ ಅದನ್ನೂ ಬದಲಾಯಿಸಿದರು. ಅವರ ನಾಯಕ ಬಿಸಿಲಲ್ಲಿ ಮಿನುಗುತ್ತಾನೆ, ಅಷ್ಟೇ. ಓದಿ ನಕ್ಕವರು ಬೇಕಾದಷ್ಟು ಜನ. ಆದರೆ ಆ ಮಿನುಗಿನಿಂದ ಅವನ ಗುಟ್ಟು ಬಯಲಾಗುತ್ತದೆ, ಅದಕ್ಕೇ ಮೋಡ ಕವಿದ ಊರು ಬೇಕಾಗುತ್ತದೆ. ಯಾವ ಕಟ್ಟಳೆ ಅನ್ನೋದು ನಿಮ್ಮಿಷ್ಟ, ಇಟ್ಟ ಮೇಲೆ ಮುರಿಯುವ ಹಾಗಿಲ್ಲ. ನಮ್ಮ ಬೇತಾಳನನ್ನೇ ನೋಡಿ. ವಿಕ್ರಮ ಬಾಯಿ ಬಿಟ್ಟನೋ, ಹೆಣ ವಾಪಸ್ ಮರಕ್ಕೆ. ರಾಜ ಒಳ್ಳೆಯವನು ಅಂತ ಬೇತಾಳ ಒಂದು ಸಲವೂ ರಿಯಾಯಿತಿ ಕೊಡಲಿಲ್ಲ.

ಈಗ ನಿಮ್ಮ ಊರಿನ ವಿಷಯ. ‘ಅಮೆರಿಕ ನೋಡಿಲ್ಲ, ತಪ್ಪಿದ್ದರೆ ಕ್ಷಮಿಸಿ’ ಅಂತ ಪತ್ರದಲ್ಲಿ ಬರೆದಿದ್ದೀರಿ. ನೋಡದಿದ್ದರೆ ಏನೂ ಆಗುವುದಿಲ್ಲ. ‘ಡ್ರಾಕುಲಾ’ ಬರೆದ ಬ್ರಾಮ್ ಸ್ಟೋಕರ್, ಆ ಕಥೆ ಶುರುವಾಗುವ ಟ್ರಾನ್ಸಿಲ್ವೇನಿಯಾಕ್ಕೆ ಕಾಲೇ ಇಟ್ಟಿರಲಿಲ್ಲ. ಮೇಯರ್ ಕೂಡ ‘ಟ್ವೈಲೈಟ್’ ನಡೆಯುವ ಫೋರ್ಕ್ಸ್ ಅನ್ನೋ ಊರನ್ನು ಜಾಸ್ತಿ ಮಳೆ ಬೀಳುವ ಊರು ಯಾವುದು ಅಂತ ಇಂಟರ್ನೆಟ್ಟಿನಲ್ಲಿ ಹುಡುಕಿ ಆರಿಸಿಕೊಂಡವರು, ಅಲ್ಲಿಗೆ ಹೋಗಿದ್ದು ಕಾದಂಬರಿ ಬರೆದಾದ ಮೇಲೆ. ಆದರೆ ಸ್ಟೋಕರ್ 1890ರಲ್ಲಿ ಇಂಗ್ಲೆಂಡಿನ ವಿಟ್ಬಿ ಎಂಬ ಕಡಲೂರಿನಲ್ಲಿ ರಜೆ ಕಳೆಯುವಾಗ ಲೈಬ್ರರಿಯಲ್ಲಿ ಕೂತು ಟಿಪ್ಪಣಿ ಮಾಡಿಕೊಂಡರು. 1885ರಲ್ಲಿ ಆ ದಡಕ್ಕೆ ಬಂದು ಬಡಿದ ‘ಡಿಮಿಟ್ರಿ’ ಎಂಬ ರಷ್ಯನ್ ಹಡಗಿನ ವಿವರ ಕೇಳಿ ತಿಳಿದುಕೊಂಡರು. ಕಾದಂಬರಿಯಲ್ಲಿ ಡ್ರಾಕುಲಾ ಬಂದಿಳಿಯುವ ‘ಡಿಮೀಟರ್’ ಹುಟ್ಟಿದ್ದು ಅಲ್ಲಿಂದ. ನೀವು ಒಂದು ಮ್ಯಾಪನ್ನೂ ತೆರೆದಂತೆ ಕಾಣುವುದಿಲ್ಲ. ಸಾನ್ವಿಯ ಮನೆ ‘ಫೋರ್ಕ್ಸ್ ಪಕ್ಕ’, ಅಪ್ಪ ಮಾತ್ರ ದಿನಾ ಸಿಯಾಟಲ್ ಆಫೀಸಿಗೆ ಹೋಗಿ ರಾತ್ರಿ ಊಟಕ್ಕೆ ವಾಪಸ್. ಒಂದು ದಾರಿಗೇ ಮೂರೂವರೆ, ನಾಲ್ಕು ಗಂಟೆ ಬೇಕು. ಪಾಪ, ಆ ಮನುಷ್ಯ ಮಲಗುವುದು ಯಾವಾಗ? ವ್ಯಾಂಪೈರ್ ಅವನೇ ಇರಬೇಕು ಅಂತ ನನಗೆ ಅನುಮಾನ ಬಂದಿತ್ತು.

ಕನ್ನಡದ ಐಟಿ ಕುಟುಂಬಗಳು ಹೆಚ್ಚಾಗಿ ಇರುವುದು ಸಿಯಾಟಲ್ ಪಕ್ಕದ ಬೆಲ್ವ್ಯೂ, ರೆಡ್ಮಂಡ್ ಕಡೆ. ಮನೆಯನ್ನು ಅಲ್ಲಿಗೆ ಸಾಗಿಸಿ. ಮಳೆ, ಮೋಡ, ದೇವದಾರು ಮರ ಎಲ್ಲವೂ ಅಲ್ಲೂ ಇವೆ. ಈ ರಾಜ್ಯವನ್ನೇ ಆರಿಸಿಕೊಂಡಿದ್ದರಿಂದ ಇನ್ನೊಂದು ಲಾಭವೂ ಇದೆ, ಅದನ್ನು ನೀವು ಗಮನಿಸಿಯೇ ಇಲ್ಲ.

ಸಿಯಾಟಲ್ ಇರುವುದು ಬಹಳ ಉತ್ತರದಲ್ಲಿ. ಡಿಸೆಂಬರಿನಲ್ಲಿ ಸೂರ್ಯ 4:20ಕ್ಕೆಲ್ಲ ಮುಳುಗುತ್ತಾನೆ, ಮತ್ತೆ ಹುಟ್ಟುವುದು ಎಂಟು ಗಂಟೆ ಹೊತ್ತಿಗೆ. ಅಂದರೆ ರಾತ್ರಿ ಹದಿನೈದೂವರೆ ಗಂಟೆ. ಜೂನಿನಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಒಂಬತ್ತು ದಾಟಿರುತ್ತದೆ, ಬೆಳಗ್ಗೆ ಐದು ಕಾಲಿಗೆ ಮತ್ತೆ ಬಿಸಿಲು. ರಾತ್ರಿ ಎಂಟೇ ಗಂಟೆ. ಬಿಸಿಲಿಗೆ ಸುಡುವ ಹುಡುಗನಿಗೆ ಇದು ಬದುಕಿನ ಪ್ರಶ್ನೆ. ನಿಮ್ಮ ಕಥೆ ನಡೆಯುವುದು ನವೆಂಬರಿನಿಂದ ಜೂನ್‌ವರೆಗೆ, ಆದರೂ ಏಡ್ರಿಯನ್ ಇಡೀ ಪುಸ್ತಕದುದ್ದಕ್ಕೂ ಸಂಜೆ ಆರಕ್ಕೆ ಸರಿಯಾಗಿ ಲೈಬ್ರರಿಗೆ ಬರುತ್ತಾನೆ.

ಇದಕ್ಕೆ ಸಾನ್ವಿಯ ಅಮ್ಮನ ಕಟ್ಟಳೆಯನ್ನು ಸೇರಿಸಿ ನೋಡಿ. "ಕತ್ತಲಾಗೋದ್ರೊಳಗೆ ಮನೆ ಸೇರ್ಕೋಬೇಕು." ಎರಡನೇ ಅಧ್ಯಾಯದಲ್ಲಿ ನೀವೇ ಬರೆದ ಮಾತಿದು, ಬರೆದು ಮರೆತಿದ್ದೀರಿ. ಡಿಸೆಂಬರಿನಲ್ಲಿ ಹಾಗಂದರೆ ಸ್ಕೂಲ್ ಬಿಟ್ಟವಳು ನೆಟ್ಟಗೆ ಮನೆಗೇ ಬರಬೇಕು. ಅವನ ರಾತ್ರಿ ಎಷ್ಟು ಉದ್ದವಿದ್ದರೇನು, ಇವಳು ಒಳಗೆ. ಜೂನಿನಲ್ಲಿ ಅದೇ ಮಾತಿನ ಪ್ರಕಾರ ಇವಳು ಒಂಬತ್ತರವರೆಗೆ ಹೊರಗೆ ಇರಬಹುದು, ಆದರೆ ಅಲ್ಲಿಯವರೆಗೂ ಅವನು ಬರುವ ಹಾಗಿಲ್ಲ. ಇಬ್ಬರಿಗೂ ಸಿಗುವುದು ಸಂಜೆಯ ಅಂಚಿನ ಕೆಲವೇ ನಿಮಿಷ, ಅದೂ ದಿನದಿಂದ ದಿನಕ್ಕೆ ಜರುಗುತ್ತಾ ಹೋಗುತ್ತದೆ. ಅಮ್ಮ ಖಳನಾಯಕಿ ಆಗಬೇಕಿಲ್ಲ, ಶಾಪಗೀಪ ಬೇಕಿಲ್ಲ, ನೀವು ಒಂಬತ್ತನೇ ಅಧ್ಯಾಯದಲ್ಲಿ ತಂದ ಆ ‘ರಕ್ತಸಭೆ’ಯಂತೂ ಬೇಡವೇ ಬೇಡ. ಸಾನ್ವಿ ಅಮ್ಮನಿಗೆ ಯಾವ ಸುಳ್ಳು ಹೇಳುತ್ತಾಳೆ, ಮೋಡವನ್ನು ನಂಬಿ ಏಡ್ರಿಯನ್ ಎಷ್ಟು ಬೇಗ ಹೊರಡುತ್ತಾನೆ, ಯಾವತ್ತು ಮೋಡ ಕೈಕೊಡುತ್ತದೆ? ಇದನ್ನು ಬರೆಯಿರಿ.

ಇನ್ನೊಂದು ಹಳೇ ಕಟ್ಟಳೆ, ಮನೆಯವರು ಕರೆಯದೆ ವ್ಯಾಂಪೈರ್ ಹೊಸ್ತಿಲು ದಾಟುವ ಹಾಗಿಲ್ಲ. ನಿಮ್ಮವನು ಮೊದಲ ಸಲವೇ ಕಿಟಕಿಯಿಂದ ನುಗ್ಗುತ್ತಾನೆ. ಯಾಕೆ? ಬಾಗಿಲಿಗೆ ಬಂದವರನ್ನು ಯಾರು ಏನು ಅಂತ ಕೇಳುವ ಮೊದಲೇ "ಬಾಪ್ಪಾ ಒಳಗೆ, ಕಾಫಿ ಕುಡಿ" ಅನ್ನುವ ಅಮ್ಮ ಮನೆಯಲ್ಲಿದ್ದಾರೆ! ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದು ದೆವ್ವವನ್ನು ಸಾಗಹಾಕಿದ ಜನ ನಾವು, ಹೊಸ್ತಿಲಿನ ವಿಷಯ ನಮ್ಮ ಓದುಗರಿಗೆ ವಿವರಿಸಬೇಕಿಲ್ಲ. ಆಮೇಲೆ ಅವನು ಕಾಫಿ ಕುಡಿಯುವ ಹಾಗಿಲ್ಲ, ಅಮ್ಮ ಬಿಡುವ ಹಾಗಿಲ್ಲ. ಅಂದಹಾಗೆ, ಈರುಳ್ಳಿ ಬೆಳ್ಳುಳ್ಳಿ ತಿನ್ನದ ಮನೆ ಅಂತ ಬರೆದಿದ್ದೀರಿ. ಬೆಳ್ಳುಳ್ಳಿ ಅಂದರೆ ವ್ಯಾಂಪೈರ್‌ಗಳಿಗೆ ಆಗುವುದಿಲ್ಲ, ಏಡ್ರಿಯನ್ ಅದೃಷ್ಟವಂತ.

ಅವನ ಚಿನ್ನದ ಕಣ್ಣು ತೆಗೆಯಿರಿ. ‘ಟ್ವೈಲೈಟ್’ನಲ್ಲಿ ಆ ಬಣ್ಣ ಕೆಲಸ ಮಾಡುತ್ತದೆ. ಚಿನ್ನದ ಬಣ್ಣ ಅಂದರೆ ಪ್ರಾಣಿಯ ರಕ್ತ ಕುಡಿದವನು, ಕಪ್ಪಾಗುತ್ತಿದೆ ಅಂದರೆ ಹಸಿದಿದ್ದಾನೆ, ಕೆಂಪು ಅಂದರೆ ಮನುಷ್ಯರನ್ನು ತಿಂದವನು. ಕಣ್ಣು ನೋಡಿದರೆ ಅವನ ಹೊಟ್ಟೆಯ ಸ್ಥಿತಿ ಗೊತ್ತಾಗುತ್ತದೆ. ನಿಮ್ಮಲ್ಲಿ ಚಿನ್ನದ ಕಣ್ಣು ಹದಿನಾಲ್ಕು ಸಲ ಬರುತ್ತದೆ, ಒಂದು ಸಲವೂ ಏನನ್ನೂ ಹೇಳುವುದಿಲ್ಲ. ನಿಜ ಹೇಳಬೇಕೆಂದರೆ ಏಡ್ರಿಯನ್‌ಗೆ ಹಸಿವು ಅನ್ನೋದೇ ಇಲ್ಲ. ಅವನು ಯಾರ ರಕ್ತ ಕುಡಿಯುತ್ತಾನೆ, ಎಲ್ಲಿಂದ ತರುತ್ತಾನೆ, ಎಷ್ಟು ದಿನ ತಡೆದುಕೊಳ್ಳುತ್ತಾನೆ? ಇಡೀ ಪುಸ್ತಕದಲ್ಲಿ ಉತ್ತರವಿಲ್ಲ. ಹಸಿವಿಲ್ಲದಿದ್ದರೆ ಅವನು ಬಿಸಿಲಲ್ಲಿ ಹೊರಗೆ ಬರಲಾಗದ ಒಬ್ಬ ಚೆಂದದ ಹುಡುಗ, ಅಷ್ಟೇ.

ತೋಳಗಳಾಗುವ ಬುಡಕಟ್ಟು ಹುಡುಗರನ್ನೂ ಬಿಡಿ. ‘ಟ್ವೈಲೈಟ್’ನಲ್ಲಿ ತೋಳಗಳಾಗುವ ಕ್ವಿಲಿಯೂಟ್ ಬುಡಕಟ್ಟಿನವರು ನಿಜವಾದ ಜನ, ಫೋರ್ಕ್ಸ್ ಹತ್ತಿರದ ಲಾ ಪುಶ್ ಎಂಬ ಕಡಲಂಚಿನ ಹಳ್ಳಿಯಲ್ಲಿ ಇವತ್ತೂ ಇದ್ದಾರೆ. ತಮ್ಮ ಮೂಲಕಥೆಯ ತೋಳವನ್ನು ‘ಟ್ವೈಲೈಟ್’ ಬೇಕಾದ ಹಾಗೆ ಬಳಸಿಕೊಂಡಿತು ಅನ್ನುವ ಟೀಕೆ ಆಗಲೇ ಬಂದಿತ್ತು. ಅವರ ನಿಜವಾದ ಚಿಂತೆ ತೋಳವಲ್ಲ, ಸುನಾಮಿ. 2012ರ ಒಂದು ಕಾನೂನಿನಿಂದ ಎತ್ತರದ ಜಾಗದಲ್ಲಿ ಭೂಮಿ ಸಿಕ್ಕಿ, ಶಾಲೆಯನ್ನು ಅಲ್ಲಿಗೆ ಸಾಗಿಸಿದರು. ನೀವು ಎರವಲಿನ ಎರವಲು ತರುತ್ತಿದ್ದೀರಿ.

ಎಂಟನೇ ಅಧ್ಯಾಯ ಓದಿ ಬೇಜಾರಾಯಿತು. ಏಡ್ರಿಯನ್ ಅವಳ ಫೋನ್ ಕಿತ್ತುಕೊಂಡು ಹುಡುಗರ ನಂಬರ್‌ಗಳನ್ನು ಅಳಿಸುತ್ತಾನೆ. ಅವಳು ನಾಚಿ ತಲೆ ತಗ್ಗಿಸುತ್ತಾಳೆ. ಅವನು ಅಪಾಯಕಾರಿ ಅಂತ ತೋರಿಸಲು ಬರೆದಿದ್ದರೆ ಸರಿ, ಆದರೆ ನೀವು ಅದನ್ನು ಮುದ್ದಾಗಿ ಬರೆದಿದ್ದೀರಿ. ಇದನ್ನು ಓದುವವರು ಹದಿನೈದು, ಹದಿನಾರರ ಹುಡುಗಿಯರು. ಅವರ ತರಗತಿಯಲ್ಲೇ ಫೋನ್ ಕಿತ್ತುಕೊಳ್ಳುವ ಹುಡುಗರು ಇರುತ್ತಾರೆ. ಸಾನ್ವಿ ಫೋನ್ ವಾಪಸ್ ಕಿತ್ತುಕೊಳ್ಳಲಿ, ಒಂದು ವಾರ ಮಾತು ಬಿಡಲಿ. ಅವಳಿಗೆ ಅವನನ್ನು ಬಿಟ್ಟು ಬೇರೆ ಏನು ಬೇಕು ಅನ್ನೋದನ್ನೂ ಯೋಚಿಸಿ. ಮೊದಲ ಅಧ್ಯಾಯದಲ್ಲಿ ಅವಳು ವೀಣೆ ಕಲಿಯುತ್ತಿದ್ದಳು, ಆಮೇಲೆ ಆ ವೀಣೆ ಎಲ್ಲಿ ಹೋಯಿತೋ!

ಏಳು ಭಾಗಗಳ ಯೋಜನೆಯನ್ನು ಸದ್ಯಕ್ಕೆ ಮಡಚಿಡಿ. ‘ಇದಕ್ಕೆ ಉತ್ತರ ಮೂರನೇ ಭಾಗದಲ್ಲಿದೆ’ ಅಂತ ಅಂಚಿನಲ್ಲಿ ಐದು ಕಡೆ ಬರೆದಿದ್ದೀರಿ. ಓದುಗರ ಕೈಯಲ್ಲಿ ಇರುವುದು ಮೊದಲನೆಯದು ಮಾತ್ರ. ‘ಟ್ವೈಲೈಟ್’ನ ಮೂಲ ಕಥೆ 2005ರಿಂದ 2008ರವರೆಗೆ ನಾಲ್ಕು ಪುಸ್ತಕಗಳಲ್ಲಿ ಹರಡಿದೆ. ಆದರೂ ನಾಯಕಿಯನ್ನು ಬೇಟೆಯಾಡಲು ಬಂದವನ ಕಥೆ ಮೊದಲ ಪುಸ್ತಕದಲ್ಲೇ ಮುಗಿಯುತ್ತದೆ. ಅವಳೂ ವ್ಯಾಂಪೈರ್ ಆಗುತ್ತಾಳಾ ಅನ್ನುವ ದೊಡ್ಡ ಪ್ರಶ್ನೆ ಮುಂದಕ್ಕೆ ಹೋಗುತ್ತದೆ.

ಈಗ ಏನು ಮಾಡಬೇಕು ಅಂದರೆ, ಇಡೀ ಪುಸ್ತಕ ತಿದ್ದಲು ಕೂರಬೇಡಿ. ಏಡ್ರಿಯನ್‌ಗೆ ಏನೇನು ಆಗುವುದಿಲ್ಲ ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮೇಜಿನ ಮುಂದೆ ಅಂಟಿಸಿ. ಆಮೇಲೆ ನಾಲ್ಕರಿಂದ ಒಂಬತ್ತರವರೆಗಿನ ಅಧ್ಯಾಯಗಳನ್ನು ಹೊಸದಾಗಿ ಬರೆದು ಕಳಿಸಿ. ಅಜ್ಜಿಯ ದೃಶ್ಯದಲ್ಲಿ ಒಂದು ಅಕ್ಷರವನ್ನೂ ಮುಟ್ಟಬೇಡಿ. ಫೈಲ್ ಯೂನಿಕೋಡ್‌ನಲ್ಲಿರಲಿ. ಈ ಸಲ ಹಳೇ ಫಾಂಟಿನಲ್ಲಿ ಬಂದಿದ್ದರಿಂದ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿ, ಮೊದಲ ಎರಡು ಅಧ್ಯಾಯ ಊಹೆ ಮಾಡಿಕೊಂಡು ಓದಬೇಕಾಯಿತು.

ಇಂತಿ,
ಸಂಪಾದಕ